ಸಂಚಿ, ಸೆರಗು, ಸೊಬಗು

ಸಂಜೆಯ ಮನೆಗೆಲಸ ಅರ್ಧಕ್ಕೆ ಬಿಟ್ಟು ಬಂದು ಕೂತಿರುವ ಅಕ್ಕತಂಗಿಯರೆ, ಅಣ್ಣಂದಿರೆ, ಹಿಂದೆ ಗೋಡೆಗೆ ಒರಗಿ ನಿಂತಿರುವ ಕಾಲೇಜಿನ ಹುಡುಗಿಯರೆ,

ಈ ವರ್ಷದ ದತ್ತಿ ಉಪನ್ಯಾಸಕ್ಕೆ ಗೊತ್ತುಮಾಡಿದ ವಿಷಯ 'ನಾಡಿನ ಹೆಣ್ಣಿನ ಸೊಬಗು: ಇಂದಿನ ಹೆಣ್ಣುಮಕ್ಕಳಿಗೆ ಹಿತನುಡಿ'. ವಿಷಯವನ್ನು ಫೋನಿನಲ್ಲಿ ಕೇಳಿದ ಮೇಲೆ ಒಪ್ಪಿಕೊಳ್ಳಲು ನನಗೆ ಎರಡು ದಿನ ಬೇಕಾಯಿತು. ಹಿತನುಡಿ ಎಂಬ ಮಾತು ಕೇಳಿದ ಕೂಡಲೇ ನನ್ನ ಬಾಲ್ಯದ ದನಿಗಳೆಲ್ಲ ಒಟ್ಟಿಗೆ ಎದ್ದು ಬಂದವು. ತಲೆ ಬಗ್ಗಿಸಿ ನಡಿ. ಹಲ್ಲು ಕಾಣಂಗ ನಗಬ್ಯಾಡ. ಹೊಸ್ತಿಲ ಮ್ಯಾಲ ನಿಲ್ಲಬ್ಯಾಡ. ಸೆರಗು ಸರಿ ಮಾಡ್ಕೊ. ಈ ದನಿಗಳಿಗೆ ಇನ್ನೊಂದು ದನಿ ಸೇರಿಸಲು ನಾನು ಯಾಕೆ ಬರಬೇಕು ಅನ್ನಿಸಿತ್ತು. ಮೂರನೆಯ ದಿನ ನನ್ನ ಅವ್ವನ ಟ್ರಂಕು ತೆಗೆದೆ. ಅದರಲ್ಲಿ ಒಂದು ಇಲಕಲ್ ಸೀರೆ ಇತ್ತು. ಅದನ್ನು ನೋಡಿದ ಮೇಲೆ ಬರುತ್ತೇನೆ ಎಂದು ಹೇಳಿದೆ. ಆ ಸೀರೆಯನ್ನು ಇವತ್ತು ತಂದಿದ್ದೇನೆ. ಈ ಚೀಲದಲ್ಲಿದೆ. ಮಾತು ಮುಗಿಯುವ ಹೊತ್ತಿಗೆ ಬಿಚ್ಚುತ್ತೇನೆ.

ಮೊದಲು ಸೊಬಗು ಎಂಬ ಪದ. ಹೆಣ್ಣಿನ ಚೆಲುವಿಗೆ ಕನ್ನಡದಲ್ಲಿ ಎಷ್ಟೊಂದು ಪದಗಳಿವೆ ನೋಡಿ: ಅಂದ, ಚೆಂದ, ಬೆಡಗು, ಬಿನ್ನಾಣ, ಒನಪು, ವಯ್ಯಾರ, ಠೀವಿ, ಗತ್ತು. ಒನಪು, ವಯ್ಯಾರ ನೋಡುವವನ ಕಣ್ಣಿನಿಂದ ಹುಟ್ಟಿದ ಪದಗಳು. ಬಿನ್ನಾಣದ ಕತೆ ಬೇರೆ. ಅದು ವಿಜ್ಞಾನ ಎಂಬ ಪದದ ತದ್ಭವ. ಹಳಗನ್ನಡದಲ್ಲಿ ಅದಕ್ಕೆ ಜಾಣ್ಮೆ, ಕುಶಲತೆ ಎಂಬ ಅರ್ಥವಿತ್ತು. ಕೈಕೆಲಸದ ಜಾಣ್ಮೆಗೆ ಇದ್ದ ಪದ ಬರಬರುತ್ತ ಹೆಣ್ಣಿನ ಕಣ್ಸನ್ನೆಗೆ ಇಳಿಯಿತು. ನನ್ನ ಇವತ್ತಿನ ಮಾತೆಲ್ಲ ಆ ಪದವನ್ನು ಅದರ ಮೊದಲಿನ ಅರ್ಥಕ್ಕೆ ತಿರುಗಿ ಕರೆತರುವ ಪ್ರಯತ್ನ ಎಂದುಕೊಳ್ಳಿ.

ನಮ್ಮ ಊರಿನ ಹೆಸರಿನಲ್ಲೇ ಇನ್ನೊಂದು ಅಂಥ ಪದವಿದೆ. ದಣಿದು ಬಂದ ಕುದುರೆಗಳ ದಾವಣಿ ಬಿಚ್ಚಿ ನೀರು ಕುಡಿಸುತ್ತಿದ್ದ ಕೆರೆ, ಅದಕ್ಕೇ ದಾವಣಗೆರೆ ಎಂದು ಊರಿನ ಹಿರಿಯರು ಹೇಳುತ್ತಾರೆ. ದಾವಣಿ ಎಂದರೆ ದನ ಕುದುರೆಗಳನ್ನು ಸಾಲಾಗಿ ಕಟ್ಟುವ ಹಗ್ಗ. ಲಂಗದ ಮೇಲೆ ಹುಡುಗಿಯರು ಹೊದೆಯುವ ಅರ್ಧ ಸೀರೆಯೂ ದಾವಣಿಯೇ. ಮೈನೆರೆದ ಹುಡುಗಿಗೆ ಮೊದಲು ಕೊಡಿಸುತ್ತಿದ್ದ ಬಟ್ಟೆ ಅದು. ಈ ಎರಡು ಪದಗಳ ಮೂಲ ಒಂದೇ ಎಂದು ನಾನು ವಾದಿಸುವುದಿಲ್ಲ. ಆದರೆ ಹನ್ನೆರಡು ವರ್ಷದ ನಾನು ಹೊಸ ದಾವಣಿ ಹೊದ್ದು ಬಾಗಿಲಿಗೆ ಬಂದಾಗ, ಅಂಗಳದಲ್ಲಿ ದಾವಣಿಗೆ ಕಟ್ಟಿದ್ದ ಎಮ್ಮೆ ಕತ್ತೆತ್ತಿ ನೋಡಿದ್ದು ನನಗೆ ಮರೆತಿಲ್ಲ. ಬಟ್ಟೆಯ ಬಣ್ಣ ಖುಷಿ ಕೊಟ್ಟಿತ್ತು. ಅದೇ ದಿನ ಕೆರೆ ಏರಿಯ ಮೇಲೆ ಆಟಕ್ಕೆ ಹೋಗುವುದು ನಿಂತಿತು. ಚೆಂದವೂ ಕಟ್ಟೂ ಒಂದೇ ಬಟ್ಟೆಯಲ್ಲಿ ಬರುತ್ತವೆ ಎಂಬುದನ್ನು ನಾನು ತಿಳಿದದ್ದು ಅವತ್ತು.

ಕನ್ನಡದಲ್ಲಿ ಹೆಣ್ಣುಮಕ್ಕಳಿಗೆ ಹಿತನುಡಿ ಹೇಳುವ ದೊಡ್ಡ ಗ್ರಂಥವನ್ನು ಬರೆದವಳು ಒಬ್ಬ ಹೆಣ್ಣುಮಗಳೇ. ಯಳಂದೂರಿನ ಹೊನ್ನಮ್ಮ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲ, ಎಂದರೆ 1673ರಿಂದ 1704. ಅವರ ರಾಣಿ ದೇವಾಜಮ್ಮಣ್ಣಿಗೆ ಎಲೆಯಡಿಕೆಯ ಸಂಚಿ ಹಿಡಿಯುವುದು ಇವಳ ಊಳಿಗ. ಅದಕ್ಕೇ ಸಂಚಿ ಹೊನ್ನಮ್ಮ. ಅಳಸಿಂಗರಾರ್ಯರು ಇವಳ ಗುರು. ರಾಣಿಯ ಮಾತಿನಂತೆ ಇವಳು 'ಹದಿಬದೆಯ ಧರ್ಮ' ಎಂಬ ಕಾವ್ಯವನ್ನು ಸಾಂಗತ್ಯದಲ್ಲಿ ಬರೆದಳು. ಹದಿಬದೆ ಎಂದರೆ ಪತಿವ್ರತೆ. ಗಂಡನ ಮನೆಯಲ್ಲಿ ಹೇಗಿರಬೇಕು, ಅತ್ತೆ ಮಾವಂದಿರನ್ನು ಹೇಗೆ ನೋಡಿಕೊಳ್ಳಬೇಕು, ಬಂದವರನ್ನು ಹೇಗೆ ಉಪಚರಿಸಬೇಕು, ಎಲ್ಲವೂ ಅದರಲ್ಲಿದೆ.

ನಾನು ಎಂ.ಎ. ಓದುವಾಗ ಈ ಕಾವ್ಯವನ್ನು ಸಿಟ್ಟಿನಿಂದ ಓದಿದೆ. ನಲವತ್ತು ದಾಟಿದ ಮೇಲೆ ಮತ್ತೆ ಓದಿದಾಗ ಬೇರೆಯದೇ ಕಂಡಿತು. ಗಂಡು ಹುಟ್ಟಿದರೆ ಹಿಗ್ಗಿ ಹೆಣ್ಣು ಹುಟ್ಟಿದರೆ ಹೀಗಳೆಯುವವರನ್ನು ಹೊನ್ನಮ್ಮ ನೇರವಾಗಿ ತರಾಟೆಗೆ ತೆಗೆದುಕೊಳ್ಳುತ್ತಾಳೆ. ನಿಮ್ಮನ್ನು ಹೆತ್ತವಳು ಯಾರು, ಹೊರೆದವಳು ಯಾರು ಎಂದು ಕೇಳುತ್ತಾಳೆ. ಅರಮನೆಯ ಪಂಡಿತರ ನಡುವೆ ಕೂತು, ಮುನ್ನೂರು ವರ್ಷಗಳ ಹಿಂದೆ, ಸಂಚಿ ಹಿಡಿಯುವ ಹೆಣ್ಣು ಕೇಳಿದ ಪ್ರಶ್ನೆ ಇದು. ಗಂಡನಿಗೆ ತಗ್ಗಿ ನಡೆ ಎಂದು ಹೇಳುವ ಕಾವ್ಯದ ಒಳಗೇ ಈ ತಲೆಯೆತ್ತಿದ ದನಿ ಇದೆ. ಪಾಠಪುಸ್ತಕಗಳು ಹೊನ್ನಮ್ಮನ ಉಪದೇಶವನ್ನು ಹೆಚ್ಚು ಹೇಳಿದವು, ಅವಳ ಬದುಕನ್ನು ಕಡಿಮೆ ಹೇಳಿದವು. ಅವಳು ಹೇಳಿದ್ದನ್ನಷ್ಟೇ ಅಲ್ಲ, ಮಾಡಿದ್ದನ್ನೂ ನೋಡಬೇಕು. ಅವಳು ಓದಿದಳು, ಛಂದಸ್ಸು ಕಲಿತಳು, ಕೃತಿ ಬರೆದು ತನ್ನ ಹೆಸರು ಉಳಿಸಿದಳು.

ಚೀನಾ ದೇಶದಲ್ಲಿ ಇವಳಿಗೆ ಒಬ್ಬ ಅಕ್ಕ ಇದ್ದಳು. ಬಾನ್ ಝಾವ್ ಅಂತ ಹೆಸರು. ಕ್ರಿ.ಶ. 106ರ ಸುಮಾರಿಗೆ ಹೆಣ್ಣುಮಕ್ಕಳಿಗಾಗಿ ಪಾಠಗಳನ್ನು ಬರೆದವಳು. ವಿನಯವಾಗಿರಿ, ಹಿಂದೆ ನಿಲ್ಲಿ ಎಂದು ಅವಳೂ ಬರೆದಳು. ಆದರೆ ಹುಡುಗರಿಗೆ ಅಕ್ಷರ ಕಲಿಸಿ ಹುಡುಗಿಯರಿಗೆ ಕಲಿಸದಿದ್ದರೆ ಹೇಗೆ ಎಂದು ಅದೇ ಪುಸ್ತಕದಲ್ಲಿ ಕೇಳಿದಳು. ಅಣ್ಣ ಬಾನ್ ಗು ಅರ್ಧಕ್ಕೆ ಬಿಟ್ಟು ಸತ್ತ ಹಾನ್ ವಂಶದ ಇತಿಹಾಸವನ್ನು ಪೂರ್ತಿ ಮಾಡಿದವಳೂ ಇವಳೇ. ಹಿಂದೆ ನಿಲ್ಲಿ ಎಂದು ಬರೆದ ಕೈ ಒಂದು ಸಾಮ್ರಾಜ್ಯದ ಇತಿಹಾಸ ಬರೆಯಿತು.

ಇಷ್ಟು ದೂರ ಹೋಗಬೇಕಾಗಿಲ್ಲ. ಹರಿಹರ ದಾಟಿ ಶಿವಮೊಗ್ಗದ ರಸ್ತೆ ಹಿಡಿದರೆ ಮಲೇಬೆನ್ನೂರು ಸಿಗುತ್ತದೆ. ಅದರ ಹತ್ತಿರ ಹೆಳವನಕಟ್ಟೆಯ ರಂಗನಾಥನ ಗುಡಿ. ರಾಣೆಬೆನ್ನೂರಿನಲ್ಲಿ ಹುಟ್ಟಿ ಮಲೇಬೆನ್ನೂರಿಗೆ ಸೊಸೆಯಾಗಿ ಬಂದ ಗಿರಿಯಮ್ಮ 18ನೇ ಶತಮಾನದಲ್ಲಿ ಇಲ್ಲಿ ಇದ್ದಳು. ಹರಿದಾಸ ಪರಂಪರೆಯ ಈ ಕವಯತ್ರಿಯ 'ಚಂದ್ರಹಾಸನ ಕಥೆ', 'ಸೀತಾ ಕಲ್ಯಾಣ', 'ಉದ್ದಾಲಿಕನ ಕಥೆ' ಹೆಂಗಸರ ಬಾಯಲ್ಲಿ ಹಾಡಾಗಿ ಉಳಿದವು. ಸಂಸಾರ ತನಗೆ ಒಗ್ಗದು ಎಂದು ಗಂಡನಿಗೆ ಬೇರೆ ಮದುವೆ ಮಾಡಿಸಿ, ತಾನು ರಂಗನ ಸನ್ನಿಧಿಯಲ್ಲಿ ಹಾಡು ಕಟ್ಟುತ್ತ ಉಳಿದಳೆಂದು ಐತಿಹ್ಯ. ಸೊಸೆ, ಹೆಂಡತಿ, ತಾಯಿ ಎಂಬ ಮೂರು ಮೆಟ್ಟಿಲಲ್ಲೇ ಹೆಣ್ಣಿನ ಲಕ್ಷಣ ಮುಗಿಯುತ್ತದೆ ಎನ್ನುವವರು ಒಮ್ಮೆ ಆ ಗುಡಿಗೆ ಹೋಗಿ ಬರಬೇಕು. ನಮ್ಮ ಜಿಲ್ಲೆಯ ಸಂಪ್ರದಾಯದಲ್ಲಿ ಅವಳೂ ಇದ್ದಾಳೆ.

ಹನ್ನೆರಡನೆಯ ಶತಮಾನದ ಶರಣೆಯರ ವಿಷಯ ನಿಮಗೆ ಗೊತ್ತಿರುವುದೇ, ಒಂದೇ ಮಾತು ಹೇಳಿ ಮುಂದೆ ಹೋಗುತ್ತೇನೆ. ಅವರ ಹೆಸರುಗಳನ್ನು ಗಟ್ಟಿಯಾಗಿ ಹೇಳಿ ನೋಡಿ. ಕದಿರೆ ರೆಮ್ಮವ್ವೆ, ಕೊಟ್ಟಣದ ಸೋಮಮ್ಮ, ಆಯ್ದಕ್ಕಿ ಲಕ್ಕಮ್ಮ. ಒಬ್ಬಳ ಹೆಸರಿನ ಮುಂದೆ ನೂಲಿನ ಕದಿರು, ಇನ್ನೊಬ್ಬಳ ಮುಂದೆ ಭತ್ತ ಕುಟ್ಟುವ ಕೊಟ್ಟಣ, ಮತ್ತೊಬ್ಬಳ ಮುಂದೆ ಆಯ್ದು ತಂದ ಅಕ್ಕಿ. ಯಾರ ಮಗಳು, ಯಾರ ಹೆಂಡತಿ ಎನ್ನುವುದಕ್ಕಿಂತ ಮೊದಲು ಕೈಯ ಕೆಲಸ ಬರುತ್ತದೆ. ಹೆಸರಿಗೆ ತೊಡಿಸಿದ ಒಡವೆ ಅದು.

ಈಗ ಸಂಚಿಗೆ ಬರುತ್ತೇನೆ. ನಮ್ಮ ಭಾಗದಲ್ಲಿ ಅದಕ್ಕೆ ಚಂಚಿ ಎನ್ನುತ್ತಾರೆ. ಬಟ್ಟೆಯ ಪುಟ್ಟ ಚೀಲ, ಒಳಗೆ ಎರಡು ಮೂರು ಅರೆ, ಬಾಯಿಗೆ ಎಳೆದು ಬಿಗಿಯುವ ದಾರ. ಒಂದು ಅರೆಯಲ್ಲಿ ಎಲೆ, ಇನ್ನೊಂದರಲ್ಲಿ ಅಡಿಕೆ ಸುಣ್ಣದಕಾಯಿ, ಎಲ್ಲಕ್ಕಿಂತ ಒಳಗಿನ ಅರೆಯಲ್ಲಿ ದುಡ್ಡು. ನನ್ನ ಅಜ್ಜಿಯ ಸೊಂಟದಲ್ಲಿ ಅದು ಇಲ್ಲದ ದಿನವನ್ನು ನಾನು ನೋಡಿಲ್ಲ. ಆಕೆಯ ಮೈಮೇಲೆ ಬಂಗಾರ ಇರಲಿಲ್ಲ, ಆದರೆ ಆ ಚಂಚಿಗೆ ಯಾರೂ ಕೈಹಾಕುತ್ತಿರಲಿಲ್ಲ, ಅಜ್ಜನೂ ಕೇಳಿಯೇ ತೆಗೆದುಕೊಳ್ಳುತ್ತಿದ್ದ. ಸಂಚಿಯ ಜೊತೆಗೆ ಸೀರೆಯಲ್ಲಿ ಇನ್ನೆರಡು ಜಾಗ ಇದ್ದವು. ಒಂದು ಉಡಿ. ಹೊಲದಿಂದ ಬರುವಾಗ ಸೊಪ್ಪು, ಅವರೆಕಾಯಿ, ಸೌದೆಯ ಚೂರು, ಕೆಲವೊಮ್ಮೆ ಹಸುಗೂಸು ಸಹ ಉಡಿಯಲ್ಲೇ. ನಮ್ಮ ದುಗ್ಗಮ್ಮನ ಜಾತ್ರೆಯಲ್ಲಿ ದೇವಿಗೂ ಉಡಿ ತುಂಬುತ್ತೇವೆ. ಅಕ್ಕಿ, ಕೊಬ್ಬರಿ ಬಟ್ಟಲು, ಬಳೆ, ಖಣ. ತವರಿಗೆ ಬಂದ ಮಗಳನ್ನು ಬರಿ ಉಡಿಯಲ್ಲಿ ಕಳಿಸಬಾರದು ಎಂಬುದು ನಮ್ಮವರ ಕಟ್ಟುನಿಟ್ಟು. ಇನ್ನೊಂದು ಜಾಗ ಸೆರಗಿನ ತುದಿಯ ಗಂಟು. ಅಲ್ಲಿ ನಾಕಾಣೆ, ಬೀಗದ ಕೈ, ಮಗುವಿಗೆ ಅಂತ ಮುಚ್ಚಿಟ್ಟ ಬೆಲ್ಲದ ಚೂರು.

ಸೆರಗಿನ ಬಗ್ಗೆ ನಮಗೆ ಹೇಳಿದ ಉಪದೇಶವೆಲ್ಲ ಅದು ಏನನ್ನು ಮುಚ್ಚಬೇಕು ಎಂಬುದೇ ಆಗಿತ್ತು. ಅದರ ತುದಿಯಲ್ಲಿ ಏನನ್ನು ಕಟ್ಟಿಕೊಳ್ಳಬೇಕು ಎಂದು ಹೇಳಿದವರು ಮನೆಯ ಹೆಂಗಸರು, ಅದೂ ಮೆಲ್ಲಗೆ, ಅಡುಗೆಮನೆಯಲ್ಲಿ. ನನಗೆ ನಾಡಿನ ಹೆಣ್ಣಿನ ಸೊಬಗು ಕಾಣುವುದು ಆ ಎರಡನೆಯ ಮಾತಿನಲ್ಲಿ. ತನ್ನದು ಎಂಬುದನ್ನು ಇಟ್ಟುಕೊಳ್ಳಲು ತನ್ನ ಮೈಮೇಲೆ ತನ್ನದೇ ಒಂದು ಜಾಗ ಇದ್ದವಳ ನಡಿಗೆಯೇ ಬೇರೆ. ಗತ್ತು ಅಲ್ಲಿಂದ ಬರುತ್ತದೆ.

ನಮ್ಮ ಜಿಲ್ಲೆಯ ಲಂಬಾಣಿ ಹೆಣ್ಣುಮಕ್ಕಳನ್ನು ನೋಡಿ. ಸಂತ ಸೇವಾಲಾಲರ ಜನ್ಮಸ್ಥಳ ಸೂರಗೊಂಡನಕೊಪ್ಪ ಇಲ್ಲೇ ನ್ಯಾಮತಿ ಕಡೆ ಇದೆ. ಅಲ್ಲಿಯ ಜಾತ್ರೆಗೆ ಬರುವ ಹಿರಿಯ ಹೆಂಗಸರ ಪೇಟಿಯಾ ಲಂಗ, ಕಾಂಚಳಿ ರವಿಕೆಗಳ ಮೇಲೆ ಕನ್ನಡಿ, ಕವಡೆ, ನಾಣ್ಯಗಳ ಸಾಲು. ಮೇಳಗಳ ಫಲಕದಲ್ಲಿ ಅದನ್ನು ಬಣ್ಣದ ಅಲಂಕಾರ ಎಂದು ಬರೆಯುತ್ತಾರೆ. ಆದರೆ ಉಪ್ಪು, ಕಾಳು ಹೇರಿಕೊಂಡು ಎತ್ತಿನ ಸಾಲಿನ ಜೊತೆ ಊರೂರು ನಡೆದ ಜನಾಂಗದಲ್ಲಿ ಪೆಟ್ಟಿಗೆ ಇರಲಿಲ್ಲ, ಕದ ಇರಲಿಲ್ಲ. ಹೆಂಗಸಿನ ಮೈಮೇಲಿನ ಬಟ್ಟೆಯೇ ಅವಳ ಖಜಾನೆ. ಅವಳು ಅದನ್ನು ಹೊಲಿದಳು, ಹೊತ್ತಳು, ಕಾದಳು.

ಯುರೋಪಿನಲ್ಲೂ 17, 18ನೇ ಶತಮಾನದ ಹೆಂಗಸರು ಲಂಗದ ಒಳಗೆ ಸೊಂಟಕ್ಕೆ ಕಟ್ಟಿಕೊಳ್ಳುವ ದೊಡ್ಡ ಜೇಬು ಇಟ್ಟುಕೊಂಡಿದ್ದರು. ದಾರದಿಂದ ಬಿಗಿಯುವ ಚೀಲ, ನಮ್ಮ ಸಂಚಿಯ ಹಾಗೆ. ಆ ಶತಮಾನದ ಕೊನೆಗೆ ತೆಳ್ಳನೆಯ, ಮೈಗೆ ಅಂಟುವ ಉಡುಪು ಬಂತು, ಜೇಬು ಉಬ್ಬಿ ಕಾಣುತ್ತದೆ ಎಂದು ಹೋಯಿತು. ಕೈಯಲ್ಲಿ ಹಿಡಿಯುವ ಬೆರಳಷ್ಟು ಚೀಲ ಬಂತು. ಚೆಂದಕ್ಕಾಗಿ ಜಾಗ ಬಿಟ್ಟುಕೊಟ್ಟ ಕತೆ ಎಲ್ಲ ಕಡೆಯೂ ಒಂದೇ. ಇವತ್ತು ನಮ್ಮ ಹುಡುಗಿಯರು ಕೊಳ್ಳುವ ಕುರ್ತಾಗಳಲ್ಲಿ ಜೇಬು ಇಲ್ಲ. ಇದ್ದರೂ ಫೋನು ಹಿಡಿಯುವುದಿಲ್ಲ. ಬಸ್ಸಿನಲ್ಲಿ ಒಂದು ಕೈ ಕಂಬಿಗೆ, ಇನ್ನೊಂದು ಕೈ ಫೋನಿಗೆ, ಹೆಗಲಿನಿಂದ ಜಾರುವ ಚೀಲಕ್ಕೆ ಮೂರನೆಯ ಕೈ ಇಲ್ಲ. ಇದು ಸಣ್ಣ ವಿಷಯ ಎಂದು ಅನ್ನಿಸಿದರೆ, ಬೇಸಾಯದ ದಿನಗಳಲ್ಲಿ ಭದ್ರಾ ನಾಲೆಯ ಕೆಳಗಿನ ಗದ್ದೆಗಳಿಗೆ ಹೋಗಿ ನೋಡಿ. ನಾಟಿ ಹಚ್ಚುವ ಹೆಣ್ಣಾಳುಗಳು ಸೀರೆಯನ್ನು ಎತ್ತಿ ಕಚ್ಚೆ ಕಟ್ಟಿ, ಮೇಲೆ ಗಂಡನದೋ ಮಗನದೋ ತುಂಬು ತೋಳಿನ ಅಂಗಿ ತೊಟ್ಟಿರುತ್ತಾರೆ. ಬಿಸಿಲಿಗೆ, ಸೊಳ್ಳೆಗೆ, ಪೈರಿನ ಗರಿ ಗೀರದಿರಲು ಅಂಗಿ ಬೇಕು. ಒಬ್ಬಾಕೆಯನ್ನು ಕೇಳಿದೆ, ಅಂಗಿ ಯಾಕಕ್ಕ ಅಂತ. ಆಕೆ ಎದೆಯ ಮೇಲಿನ ಜೇಬು ತಟ್ಟಿ, "ಫೋನು ಎಲ್ಲಿಡ್ಲವ್ವ ಮತ್ತೆ" ಅಂದಳು. ಬಗ್ಗಿದಾಗ ಕೆಸರಿಗೆ ಬೀಳದಿರಲೆಂದು ಜೇಬಿನ ಬಾಯಿಗೆ ಒಂದು ಪಿನ್ನು ಚುಚ್ಚಿದ್ದಳು. ನನ್ನ ಮಟ್ಟಿಗೆ ಆ ಪಿನ್ನು ಅಜ್ಜಿಯ ಸಂಚಿಯ ದಾರ.

ಇಲಕಲ್ ಸೀರೆಯ ಮಾತು ಬಿಟ್ಟು ನಮ್ಮ ನಾಡಿನ ಉಡುಗೆಯ ಮಾತು ಪೂರ್ತಿಯಾಗದು. ದಾವಣಗೆರೆ ಮಧ್ಯದ ಊರು. ಇಲ್ಲಿ ಮುದ್ದೆಯೂ ಉಂಟು ರೊಟ್ಟಿಯೂ ಉಂಟು, ಮೊಳಕಾಲ್ಮೂರು ರೇಷ್ಮೆಯೂ ಉಂಟು ಇಲಕಲ್ಲೂ ಉಂಟು. ಇಲಕಲ್ ಸೀರೆಯ ಒಡಲು, ದಡಿ, ಸೆರಗು ಮೂರೂ ಬೇರೆ ಬೇರೆ ಲೆಕ್ಕ. ಸೆರಗಿಗೆ ಕೆಂಪು ರೇಷ್ಮೆಯ ಹಾಸು. ಒಡಲಿನ ಹಾಸೆಳೆಯೂ ಸೆರಗಿನ ಹಾಸೆಳೆಯೂ ಬೇರೆ. ಇವೆರಡನ್ನು ಒಂದೊಂದು ಎಳೆಯಾಗಿ ಕೊಂಡಿ ಹಾಕಿ ಸೇರಿಸಬೇಕು. ಕೊಂಡಿ ಎಂದರೆ ಕೊಂಡಿಯೇ, ಒಂದರ ಕುಣಿಕೆಯಲ್ಲಿ ಇನ್ನೊಂದು. ಸಾವಿರಾರು ಎಳೆ. ಮನೆಯ ಹೆಂಗಸರು ಮಗ್ಗದ ಪಕ್ಕ ಕೂತು ಈ ಕೊಂಡಿ ಹಾಕುತ್ತಾರೆ. ಸೆರಗಿನ ಬಿಳಿ ಚಿತ್ತಾರದಲ್ಲಿ ಹಣಿಗೆಯ ಹಲ್ಲು, ಕೋಟೆಯ ತೆನೆ, ಜೋಳದ ತೆನೆ. ಕನ್ನಡದಲ್ಲಿ ಕೋಟೆಯ ಮೇಲಿನ ಸಾಲಿಗೂ ಜೋಳದ ಕದಿರಿಗೂ ತೆನೆ ಎಂದೇ ಹೆಸರು, ನೇಕಾರರ ಕೈ ಎರಡನ್ನೂ ಪಕ್ಕಪಕ್ಕ ಇಟ್ಟಿತು. ತಲೆ ಬಾಚುವ ಹಣಿಗೆ, ಊರು ಕಾಯುವ ಕೋಟೆ, ಹೊಟ್ಟೆಗೆ ಜೋಳ. ಹೆಣ್ಣಿನ ಹೆಗಲ ಮೇಲೆ ಹೊದಿಸಿದ ಬದುಕು ಅದರಲ್ಲಿ ಪೂರ್ತಿ ಇದೆ.

ಮೊನ್ನೆ ಒಂದು ಅಂಗಡಿಯಲ್ಲಿ ಇಲಕಲ್ ಎಂದು ತೋರಿಸಿದ ಸೀರೆಯನ್ನು ತಿರುವಿ ನೋಡಿದೆ. ಒಡಲು ಸೆರಗು ಸೇರುವ ಕಡೆ ಬೆರಳು ಸವರಿದರೆ ಕೊಂಡಿಯ ಸಾಲು ಸಣ್ಣ ಏರಿಯ ಹಾಗೆ ತಾಗಬೇಕು. ತಾಗಲಿಲ್ಲ. ಯಂತ್ರದಲ್ಲಿ ಒಂದೇ ಹಾಸಿನಲ್ಲಿ ಬಣ್ಣ ಬದಲಿಸಿದ ಬಟ್ಟೆ. ಕಡಿಮೆ ದುಡ್ಡಿಗೆ ಕೊಳ್ಳುವವರನ್ನು ನಾನು ಆಡಿಕೊಳ್ಳುವುದಿಲ್ಲ, ನಾನೂ ಕೊಂಡಿದ್ದೇನೆ. ಆದರೆ ಹುಡುಗಿಯರೇ, ಸಂಪ್ರದಾಯ ಉಳಿಸಬೇಕು ಎಂದು ಯಾರಾದರೂ ನಿಮಗೆ ಹೇಳಿದರೆ ಮೊದಲು ಬೆರಳಿನಿಂದ ಆ ಏರಿಯನ್ನು ಹುಡುಕುವುದನ್ನು ಕಲಿಯಿರಿ. ಕೊಂಡಿ ಹಾಕಿದವಳಿಗೆ ದಿನದ ಕೂಲಿ ಎಷ್ಟು ಸಿಕ್ಕಿತು ಎಂದು ಕೇಳುವುದನ್ನೂ ಕಲಿಯಿರಿ. ಧಾರವಾಡದ ಕಸೂತಿಯೂ ಹೀಗೆಯೇ. ಗಾವಂತಿ, ಮುರ್ಗಿ ಹೊಲಿಗೆಯಲ್ಲಿ ಗಂಟು ಹಾಕುವಂತಿಲ್ಲ, ಬಟ್ಟೆಯ ಮೇಲೆ ಗೆರೆ ಎಳೆಯುವಂತಿಲ್ಲ, ಎಳೆ ಎಣಿಸಿಯೇ ಸೂಜಿ ಚುಚ್ಚಬೇಕು, ಹಿಂದೂ ಮುಂದೂ ಒಂದೇ ರೀತಿ ಕಾಣಬೇಕು. ಶಾಲೆಯ ಮೆಟ್ಟಿಲು ಹತ್ತದ ಹೆಂಗಸರು ಮಾಡಿದ ಗಣಿತ ಅದು. ಬಿನ್ನಾಣ ಎಂದರೆ ಇದೇ.

ಸಂಪ್ರದಾಯದ ಎಲ್ಲವನ್ನೂ ಹೀಗೆ ಹೊಗಳಿ ಮುಗಿಸಲು ನನಗೆ ಮನಸ್ಸು ಬಾರದು. ಉಚ್ಚಂಗಿದುರ್ಗದ ಗುಡ್ಡ ನಮಗೆ ದೂರವಲ್ಲ. ಅಲ್ಲಿಯ ದೇವಿಯ ಹೆಸರಿನಲ್ಲಿ, ಮುತ್ತು ಎಂಬ ಚೆಂದದ ಪದವನ್ನು ಈ ಸೀಮೆಯ ಬಡ, ದಲಿತ ಮನೆಗಳ ಎಷ್ಟೋ ಹುಡುಗಿಯರ ಕತ್ತಿಗೆ ಕಟ್ಟಿ ದೇವದಾಸಿ ಎಂದು ಬಿಟ್ಟರು. ಕರ್ನಾಟಕ 1982ರಲ್ಲಿ ಅದನ್ನು ನಿಷೇಧಿಸುವ ಕಾಯ್ದೆ ಮಾಡಿತು. ಬಿಟ್ಟು ಹೊರಬಂದ ತಾಯಂದಿರು ಆಮೇಲೂ ಎಷ್ಟೋ ವರ್ಷ ಮಕ್ಕಳ ಶಾಲೆಯ ಅರ್ಜಿಯಲ್ಲಿ ತಂದೆಯ ಹೆಸರಿನ ಜಾಗದ ಮುಂದೆ ತಡೆದು ನಿಂತರು. ಒಡವೆ, ಹಾಡು, ಕುಣಿತ ಎಲ್ಲವೂ ಇದ್ದ ಪದ್ಧತಿ ಅದು. ಸೊಬಗು ಮಾತ್ರ ನೋಡುವ ಕಣ್ಣಿಗೆ ಅದೂ ಚೆಂದವಾಗಿಯೇ ಕಂಡೀತು. ಅದಕ್ಕೇ ನಾನು ಮತ್ತೆ ಮತ್ತೆ ಸಂಚಿಯನ್ನೇ ಕೇಳುತ್ತೇನೆ. ಈ ಚೆಂದದಲ್ಲಿ ಅವಳದು ಎಂಬುದು ಏನಿತ್ತು?

ನನ್ನ ಅವ್ವನ ಮಾತಿಗೆ ಬರುತ್ತೇನೆ. ಅಪ್ಪ ಹತ್ತಿ ಮಂಡಿಯಲ್ಲಿ ಗುಮಾಸ್ತ. 1969ರಲ್ಲಿ ಅಪ್ಪ ತೀರಿಕೊಂಡಾಗ ಅವ್ವನಿಗೆ 34. ಹತ್ತನೆಯ ದಿನ ಬಳೆ ಒಡೆದರು. ಅಲ್ಲಿಯವರೆಗೆ ಅವ್ವ ಬೆಳಗ್ಗೆ ರೊಟ್ಟಿ ತಟ್ಟುವಾಗ ಎರಡು ಸದ್ದು ಕೇಳುತ್ತಿತ್ತು, ಅಂಗೈಯದು ಒಂದು, ಹಸಿರು ಗಾಜಿನ ಬಳೆಯದು ಒಂದು. ನಾವು ಮಕ್ಕಳು ಆ ಸದ್ದಿಗೇ ಏಳುತ್ತಿದ್ದೆವು. ಹನ್ನೊಂದನೆಯ ದಿನ ಅಂಗೈಯ ಸದ್ದು ಒಂದೇ ಬಂತು. ತಂಗಿ ಹಾಸಿಗೆಯಲ್ಲೇ ಎದ್ದು ಕೂತು, "ಯವ್ವ ರೊಟ್ಟಿ ಮಾಡಾಕತ್ತಿಲ್ಲೇನು" ಎಂದು ಕೇಳಿದಳು. ತಟ್ಟುತ್ತಿದ್ದಳು. ಆ ಸದ್ದು ಅವಳಿಗೆ ಗುರುತು ಸಿಗಲಿಲ್ಲ.

ಅವ್ವ ಒಂದು ಖಾನಾವಳಿಗೆ ರೊಟ್ಟಿ ತಟ್ಟಲು ಹೋದಳು. ನಸುಕಿನಲ್ಲಿ ಎದ್ದು ಎಸರು ಕಾಯಿಸಿ, ಜೋಳದ ಹಿಟ್ಟಿಗೆ ಸುರಿದು, ಬೆರಳು ಸುಡುವ ಬಿಸಿಯಲ್ಲೇ ನಾದಬೇಕು. ಆರಿದರೆ ಹಿಟ್ಟು ಜಿಗುಟು ಕಳೆದುಕೊಳ್ಳುತ್ತದೆ, ರೊಟ್ಟಿಯ ಅಂಚು ಸೀಳುತ್ತದೆ. ಕೈ ತಿರುಗಿಸುತ್ತ ತಟ್ಟಿದರೆ ಹಿಟ್ಟು ತಾನೇ ತಿರುಗುತ್ತ ಅಗಲವಾಗುತ್ತದೆ. ಅವ್ವ ತಟ್ಟಿದ ರೊಟ್ಟಿಯನ್ನು ಬೆಳಕಿಗೆ ಹಿಡಿದರೆ ಎಲ್ಲ ಕಡೆ ಒಂದೇ ತೆಳುವು. ಆ ಕೂಲಿಯ ದುಡ್ಡು ಸೆರಗಿನ ಗಂಟಿಗೆ ಬರುತ್ತಿತ್ತು, ಗಂಟಿನಿಂದ ನಮ್ಮ ಶಾಲೆಗೆ ಹೋಗುತ್ತಿತ್ತು. ಅವ್ವ ಮದುವೆ ಮನೆಗಳಲ್ಲಿ ಮೊಳಗಟ್ಟಲೆ ಮಲ್ಲಿಗೆ ಕಟ್ಟಿಕೊಟ್ಟಳು, ಒಂದು ಎಸಳನ್ನೂ ಅವಳು ಮುಡಿಯುವಂತಿರಲಿಲ್ಲ. ಅರಿಶಿನ ಕುಂಕುಮಕ್ಕೆ ಅವಳನ್ನು ಕರೆಯುತ್ತಿರಲಿಲ್ಲ, ಆದರೆ ಅದೇ ಮನೆಗಳಿಗೆ ಹೋಳಿಗೆ ಬೇಯಿಸಿಕೊಡಲು ಕರೆಯುತ್ತಿದ್ದರು. ಮುತ್ತೈದೆಯ ಸೊಬಗು ಎಂದು ನಾವು ಹಾಡಿ ಹರಸುವಾಗ ಅದರ ನೆರಳಿನಲ್ಲಿ ಅವ್ವನಂಥವರು ನಿಂತಿರುತ್ತಾರೆ. ಈ ಬಡಾವಣೆಯಲ್ಲಿ ನಾನಿರುವ ಮೂವತ್ತು ವರ್ಷಗಳಲ್ಲಿ ಇದು ಸ್ವಲ್ಪ ಸಡಿಲವಾಗಿದೆ. ನಮ್ಮ ಬೀದಿಯ ಕೆಲವು ಮನೆಗಳು ಈಗ ಎಲ್ಲರನ್ನೂ ಕರೆಯುತ್ತವೆ. ಕರೆಯದವರಿಗೆ ನಾನು ಕೈಮುಗಿದು ಕೇಳಿಕೊಳ್ಳುತ್ತೇನೆ, ಕರೆಯಿರಿ. ಹೂವು ಹುಟ್ಟಿದಾಗಿನಿಂದ ಮುಡಿದದ್ದು, ಗಂಡ ತಂದುಕೊಟ್ಟಿದ್ದಲ್ಲ.

ಈ ಊರಿನ ಹೆಸರು ನಾಡಿಗೆಲ್ಲ ಗೊತ್ತಾಗಿರುವುದು ಬೆಣ್ಣೆದೋಸೆಯಿಂದ. ಅದರ ಮೊದಲ ಒಲೆ ಹಚ್ಚಿದ್ದೂ ಒಬ್ಬ ತಾಯಿಯೇ ಎಂದು ಊರು ನೆನೆಯುತ್ತದೆ. 1928ರ ಸುಮಾರಿಗೆ ಬೆಳಗಾವಿ ಕಡೆಯಿಂದ ಮಕ್ಕಳನ್ನು ಕಟ್ಟಿಕೊಂಡು ಬಂದ ಚೆನ್ನಮ್ಮ ನಾಟಕದ ಥಿಯೇಟರಿನ ಹತ್ತಿರ ರಾಗಿ ದೋಸೆ ಹುಯ್ದು ಮಾರಿದಳಂತೆ. ಅವಳ ಕಾವಲಿಯ ಮುಂದೆ ನಿಂತ ಗಿರಾಕಿಗಳು ಅವಳಲ್ಲಿ ಯಾವ ಲಕ್ಷಣವನ್ನು ಹುಡುಕಿದರೋ ಗೊತ್ತಿಲ್ಲ, ದೋಸೆ ಮಾತ್ರ ಊರಿಗೇ ಹೆಸರು ತಂದಿತು.

ನಮ್ಮ ಬಡಾವಣೆಗೆ ದೇವರಾಜ ಅರಸರ ಹೆಸರಿದೆ. ಅವರು ಮುಖ್ಯಮಂತ್ರಿಯಾಗಿದ್ದಾಗ, 1974ರಿಂದ, ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂತು. ಗೇಣಿ ಮಾಡುತ್ತಿದ್ದ ಲಕ್ಷಾಂತರ ಮನೆಗಳಿಗೆ ಭೂಮಿ ಬಂತು, ಅದರ ಋಣ ದೊಡ್ಡದು. 'ಉಳುವವನೇ ಹೊಲದೊಡೆಯ' ಎಂದು ಗೋಡೆ ಗೋಡೆಯ ಮೇಲೆ ಬರೆದಿದ್ದರು. ಹುಡುಗಿಯಾಗಿದ್ದಾಗ ನಾನು ಅದನ್ನು ಖುಷಿಯಿಂದ ಓದಿದ್ದೆ. ಆ ಪದದೊಳಗೆ ಕಳೆ ತೆಗೆಯುವವಳು, ನಾಟಿ ಹಚ್ಚುವವಳು, ಕಾಳು ತೂರುವವಳು ಇರಲಿಲ್ಲ ಎಂಬುದು ಬಹಳ ತಡವಾಗಿ ತಿಳಿಯಿತು. ಹೆಣ್ಣಿನ ಪಾಲಿನ ಕಾನೂನು ಬೇರೆ ದಾರಿಯಲ್ಲಿ ಬಂತು. ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಹೆಂಗಸರ ಆಸ್ತಿ ಹಕ್ಕಿಗೆ ಕಾಯ್ದೆ ಮಾಡಿತ್ತು, ಆಗ ನಮ್ಮ ದಾವಣಗೆರೆಯೂ ಅದೇ ಸಂಸ್ಥಾನದಲ್ಲಿತ್ತು. 1994ರಲ್ಲಿ ಕರ್ನಾಟಕ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಿಗೆ ಸಮನಾದ ಹಕ್ಕು ಕೊಟ್ಟಿತು, ಆಗಲೇ ಮದುವೆಯಾದವರು ಹೊರಗುಳಿದರು. 2005ರಲ್ಲಿ ಇಡೀ ದೇಶದ ಕಾನೂನೇ ತಿದ್ದುಪಡಿಯಾಯಿತು.

ಕಾನೂನು ಬಂದರೂ ಉಪನೋಂದಣಿ ಕಚೇರಿಯ ಮೆಟ್ಟಿಲ ಮೇಲೆ ಏನು ನಡೆಯುತ್ತದೆ ಎಂಬುದು ನಿಮಗೆಲ್ಲ ಗೊತ್ತು. ಅಕ್ಕತಂಗಿಯರನ್ನು ಕರೆತಂದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುತ್ತಾರೆ. ಅರಿಶಿನ ಕುಂಕುಮಕ್ಕೆ ಅಂತ ಒಂದು ಸೀರೆ, ಒಂದಿಷ್ಟು ದುಡ್ಡು. ಸಹಿ ಹಾಕಿದವಳಿಗೆ ಒಳ್ಳೆ ಹೆಣ್ಣುಮಗಳು, ತವರಿನ ಮರ್ಯಾದೆ ಉಳಿಸಿದಳು ಎಂಬ ಮಾತು. ಕೇಳಿದವಳಿಗೆ ಗಟ್ಟಿಗಿತ್ತಿ, ಗಂಡುಬೀರಿ. ಹೆಣ್ಣಿನ ಲಕ್ಷಣದ ಬಗ್ಗೆ ನಮಗೆ ಕಲಿಸಿದ ಎಲ್ಲ ಪಾಠಗಳ ಬೆಲೆ ಆ ಒಂದು ಸಹಿಯಲ್ಲಿ ಎಣಿಸಬಹುದು. ತಗ್ಗಿದ ದನಿ, ಬಗ್ಗಿದ ತಲೆ, ಮಾತಾಡದ ಬಾಯಿ, ಕೊನೆಗೆ ಎಕರೆ ಗುಂಟೆಗಳ ಲೆಕ್ಕಕ್ಕೆ ಬರುತ್ತವೆ. ನನಗೂ ತವರಿನಿಂದ ಅಂಥ ಒಂದು ಪತ್ರ ಬಂದಿತ್ತು. ನಾನು ಓದಿ ನೋಡುತ್ತೇನೆ ಎಂದೆ. ಓದಿ ನೋಡುತ್ತೇನೆ ಎಂದದ್ದಕ್ಕೇ ಮೂರು ವರ್ಷ ಆ ಮನೆಯ ಪಂಚಮಿಗೆ ನನ್ನನ್ನು ಕರೆಯಲಿಲ್ಲ. ನಾಲ್ಕನೆಯ ವರ್ಷ ಕರೆದರು. ಉಡಿ ತುಂಬಿಯೇ ಕಳಿಸಿದರು.

ಹಾಗಾಗಿ ಹುಡುಗಿಯರೇ, ನೀವು ಕೇಳಿಸಿಕೊಳ್ಳಲೆಂದು ನನ್ನನ್ನು ಕರೆದಿರುವ ಹಿತನುಡಿ ಇಷ್ಟೇ. ಸೀರೆ ಉಡಿ, ಜೀನ್ಸ್ ತೊಡಿ, ಹೂವು ಮುಡಿಯಿರಿ, ಮುಡಿಯದಿರಿ, ಅದು ನಿಮ್ಮ ಇಷ್ಟ. ಏನು ಉಟ್ಟರೂ ಅದರಲ್ಲಿ ಒಂದು ಸಂಚಿ ಇರಲಿ. ದರ್ಜಿಗೆ ಹೇಳಿ ಜೇಬು ಹಾಕಿಸಿ. ಬ್ಯಾಂಕಿನ ಖಾತೆ ನಿಮ್ಮ ಹೆಸರಿನಲ್ಲಿರಲಿ, ಎಟಿಎಂ ಕಾರ್ಡು ನಿಮ್ಮ ಕೈಯಲ್ಲಿರಲಿ, ಗುಟ್ಟಿನ ಸಂಖ್ಯೆ ನಿಮಗೆ ಮಾತ್ರ ಗೊತ್ತಿರಲಿ. 2023ರ ಆಗಸ್ಟಿನಿಂದ ಗೃಹಲಕ್ಷ್ಮಿಯ 2,000 ರೂಪಾಯಿ ಮನೆಯ ಯಜಮಾನಿಯ ಖಾತೆಗೆ ಬರುತ್ತಿದೆ. ಯಜಮಾನಿ ಎಂಬ ಪದ ಸರಕಾರದ ಕಾಗದದಲ್ಲಿ ನೋಡಿ ನನ್ನ ಎದೆ ತುಂಬಿತು. ಆದರೆ ಆ ಖಾತೆಯ ಕಾರ್ಡು ಮಗನ ಜೇಬಿನಲ್ಲಿದೆಯೇನೋ ಎಂದು ನಿಮ್ಮ ನಿಮ್ಮ ಮನೆಯಲ್ಲಿ ನೋಡಿಕೊಳ್ಳಿ. ಅದೇ ವರ್ಷ ಜೂನ್ 11ರಿಂದ ಸರಕಾರದ ಸಾಮಾನ್ಯ ಬಸ್ಸಿನಲ್ಲಿ ನಾಡಿನ ಹೆಂಗಸರಿಗೆ ಟಿಕೆಟಿನ ದುಡ್ಡಿಲ್ಲ. ಹರಿಹರೇಶ್ವರನ ಗುಡಿಗೆ ಹೋಗುವ ಹಿರಿಯರು ಈಗ ಯಾರನ್ನೂ ಕೇಳದೆ ಬಸ್ಸು ಹತ್ತುತ್ತಾರೆ. ಬಸ್‌ ನಿಲ್ದಾಣದಲ್ಲಿ ಆ ಅಜ್ಜಿಯರ ಮುಖ ನೋಡಿ. ನಮ್ಮ ನಾಡಿನ ಹೆಣ್ಣಿನ ಸೊಬಗು ಎಂದರೆ ಏನು ಎಂದು ಕೇಳಿದವರಿಗೆ ನಾನು ಆ ಮುಖವನ್ನು ತೋರಿಸುತ್ತೇನೆ.

ಹುಡುಗರಿಗೆ ಬೇರೆ ಹಿತನುಡಿ ಇಲ್ಲ. ರೊಟ್ಟಿ ತಟ್ಟುವುದನ್ನು ಕಲಿಯಿರಿ. ಎಸರು ಬಿಸಿಯಿರುವಾಗಲೇ ನಾದಬೇಕು.

ಇನ್ನು ಈ ಸೀರೆ. 1974ರಲ್ಲಿ ನಾನು ಎಸ್ಸೆಸ್ಸೆಲ್ಸಿ ಪಾಸಾದಾಗ ಅವ್ವ ತನ್ನ ಸ್ವಂತ ದುಡ್ಡಿನಲ್ಲಿ ತಂದದ್ದು. ಒಡಲು ಹಸಿರು, ಸೆರಗು ಕೆಂಪು, ಇಲಕಲ್ ಸೆರಗು ಕೆಂಪಾಗಿಯೇ ಇರುತ್ತದೆ. ಗಂಡ ಇಲ್ಲದಾಕಿ ಕೆಂಪು ಸೆರಗು ಹೊದ್ದಾಳ ಎಂದು ಒಬ್ಬರು ಆಡಿದರು. ಅವ್ವ ಅದನ್ನೇ ಉಟ್ಟಳು, ಹನ್ನೆರಡು ವರ್ಷ ಉಟ್ಟಳು, ಖಾನಾವಳಿಯ ಹೊಗೆಯಲ್ಲಿ, ಬಿಸಿಲಿನಲ್ಲಿ. ಅಕ್ಕಂದಿರೇ, ಒಂದು ತುದಿ ನೀವು ಹಿಡಿದುಕೊಳ್ಳಿ. ಸೆರಗೆಲ್ಲ ನೋಡಿ, ಮಾಸಿ ಇಟ್ಟಿಗೆಯ ಬಣ್ಣಕ್ಕೆ ಬಂದಿದೆ. ಈಗ ಈ ಮೂಲೆ ನೋಡಿ. ಇಲ್ಲಿ ಗಂಟು ಇತ್ತು. ನಾನು ಟ್ರಂಕಿನಿಂದ ತೆಗೆದಾಗಲೂ ಇತ್ತು, ಒಳಗೆ ಎಂಟಾಣೆಯ ಎರಡು ನಾಣ್ಯ. ಎಷ್ಟು ಬಿಗಿ ಕಟ್ಟಿದ್ದಳೆಂದರೆ ಬಿಚ್ಚಲು ನನಗೆ ಅರ್ಧ ಗಂಟೆ ಬೇಕಾಯಿತು. ಬಿಸಿಲು ಆ ಮಡಿಕೆಯ ಒಳಗೆ ಹೋಗಿರಲಿಲ್ಲ. ನಾಕು ಬೆರಳಿನಷ್ಟು ಜಾಗ, ಮಗ್ಗದಿಂದ ಇಳಿದ ದಿನದ ಕೆಂಪು ಹಾಗೇ ಇದೆ.